ಜಾರಿಗೆ ಬಾರದ ಈಸ್ಟರ್ ಕಾಯ್ದೆ: 1928ರ ಬ್ರಿಟನ್ನಿನ ಒಂದು ಪ್ರಕರಣ ಅಧ್ಯಯನ

1928ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಪುಟ್ಟ ಕಾಯ್ದೆ ಮಾಡಿತು. ಅದರ ತಿರುಳು ಒಂದೇ ಸಾಲಿನದು. ಏಪ್ರಿಲ್ ತಿಂಗಳ ಎರಡನೇ ಶನಿವಾರ ಕಳೆದ ಮೇಲೆ ಬರುವ ಮೊದಲ ಭಾನುವಾರವೇ ಈಸ್ಟರ್. ಅಂದರೆ ಯೇಸುವಿನ ಪುನರುತ್ಥಾನದ ಈ ಹಬ್ಬ ಪ್ರತಿ ವರ್ಷ ಏಪ್ರಿಲ್ 9 ಮತ್ತು 15ರ ನಡುವೆಯೇ ಬರಬೇಕು. ಎರಡೂ ಸದನಗಳು ಒಪ್ಪಿದವು. ಆಗಸ್ಟ್ 3ರಂದು ದೊರೆ ಐದನೇ ಜಾರ್ಜ್ ಅವರ ಅಂಕಿತವೂ ಬಿತ್ತು. ಆ ಕಾಯ್ದೆಯನ್ನು ಯಾರೂ ರದ್ದು ಮಾಡಿಲ್ಲ, ಇಂದಿಗೂ ಅದು ಕಾನೂನು ಪುಸ್ತಕದಲ್ಲಿ ಇದೆ. ಆದರೂ ಒಂದೇ ಒಂದು ವರ್ಷ ಕೂಡ ಬ್ರಿಟನ್ನಿನಲ್ಲಿ ಅದರ ಪ್ರಕಾರ ಈಸ್ಟರ್ ನಡೆದಿಲ್ಲ.

ಸಾರ್ವಜನಿಕ ರಜೆಗೆ ಕಾನೂನಿನ ಮೂಲಕ ದಿನ ಗೊತ್ತುಮಾಡುವುದು ಸುಲಭದ ಕೆಲಸ ಅಂತ ನಮಗೆ ಅನ್ನಿಸುತ್ತದೆ. ಆಗಸ್ಟ್ 15, ನವೆಂಬರ್ 1, ಅಕ್ಟೋಬರ್ 2 ಎಲ್ಲಾ ಹಾಗೇ ನಿಂತಿವೆ ಅಲ್ವಾ? ಅವು ಇತಿಹಾಸದ ಒಂದು ದಿನಕ್ಕೆ ಅಂಟಿಕೊಂಡ ರಜೆಗಳು. ಚಂದ್ರನ ಲೆಕ್ಕಕ್ಕೆ ಅಂಟಿಕೊಂಡ ಹಬ್ಬದ ವಿಷಯ ಬೇರೆ. ಅಲ್ಲಿ ರಜೆಯ ಒಡೆಯರು ಒಬ್ಬರು, ಹಬ್ಬದ ಒಡೆಯರು ಇನ್ನೊಬ್ಬರು. ಈ ಇಬ್ಬರ ನಡುವೆ ಒಂದು ಕಾಯ್ದೆ ಹೇಗೆ ಸಿಕ್ಕಿಹಾಕಿಕೊಂಡಿತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹಬ್ಬ ಯಾಕೆ ಓಡಾಡುತ್ತದೆ

ಮೊದಲು ಲೆಕ್ಕ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್ಪರ ಸಭೆ ಸೇರಿತು. ಎಲ್ಲ ಕ್ರೈಸ್ತರೂ ಒಂದೇ ದಿನ ಈಸ್ಟರ್ ಮಾಡಬೇಕು ಎಂದು ಅಲ್ಲಿ ತೀರ್ಮಾನವಾಯಿತು. ಮುಂದೆ ನೆಲೆಗೊಂಡ ನಿಯಮ ಹೀಗಿದೆ: ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಈ ನಿಯಮದಂತೆ ಹಬ್ಬ ಮಾರ್ಚ್ 22ರಷ್ಟು ಬೇಗ ಬರಬಹುದು, ಏಪ್ರಿಲ್ 25ರಷ್ಟು ತಡವಾಗಿಯೂ ಬರಬಹುದು. ಒಟ್ಟು 35 ದಿನಗಳ ಹರವು. 1818ರಲ್ಲಿ ಮಾರ್ಚ್ 22ಕ್ಕೇ ಬಂದಿತ್ತು. ಮತ್ತೆ ಆ ದಿನ ಬರುವುದು 2285ರಲ್ಲಿ. 1943ರಲ್ಲಿ ಏಪ್ರಿಲ್ 25ಕ್ಕೆ ಬಂದಿತ್ತು. 2038ರಲ್ಲಿ ಮತ್ತೆ ಅಷ್ಟೇ ತಡವಾಗುತ್ತದೆ.

ಬೆಂಗಳೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಕರಗ ನಡೆಯುವುದು ಚೈತ್ರ ಹುಣ್ಣಿಮೆಯಂದು. ಈಸ್ಟರ್ ಬರುವುದು ವಸಂತದ ಹುಣ್ಣಿಮೆಯ ನಂತರದ ಭಾನುವಾರ. ಹೀಗಾಗಿ ಎಷ್ಟೋ ವರ್ಷ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. 2023ರಲ್ಲಿ ಏಪ್ರಿಲ್ 6ಕ್ಕೆ ಕರಗ, ಮರುದಿನ ಗುಡ್ ಫ್ರೈಡೇ, ಏಪ್ರಿಲ್ 9ಕ್ಕೆ ಈಸ್ಟರ್. ಆದರೆ 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿದುಹೋಯಿತು. ಕರಗ ಬಂದಿದ್ದು ಏಪ್ರಿಲ್ 23ಕ್ಕೆ. ಎರಡು ಲೆಕ್ಕಗಳೂ ಚಂದ್ರನನ್ನು ಸೂರ್ಯನಿಗೆ ಹೊಂದಿಸುತ್ತವೆ, ಆದರೆ ಹೊಂದಿಸುವ ಜಾಗ ಬೇರೆ ಬೇರೆ.

ಇಲ್ಲಿ ಇನ್ನೊಂದು ವಿಷಯ ಇದೆ. ಚರ್ಚು ನೋಡುವುದು ಆಕಾಶದ ಚಂದ್ರನನ್ನಲ್ಲ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದ ಚಂದ್ರನನ್ನು. 2019ರಲ್ಲಿ ಹಗಲು ರಾತ್ರಿ ಸಮವಾಗುವ ಘಳಿಗೆ ಬಂದಿದ್ದು ಮಾರ್ಚ್ 20ಕ್ಕೆ. ಹುಣ್ಣಿಮೆ ಬಂದಿದ್ದು ಮಾರ್ಚ್ 21ಕ್ಕೆ. ಆಕಾಶವನ್ನೇ ನಂಬಿದ್ದರೆ ಈಸ್ಟರ್ ಮಾರ್ಚ್ 24ಕ್ಕೆ ಆಗಬೇಕಿತ್ತು. ಆದರೆ ಕೋಷ್ಟಕದಲ್ಲಿ ಆ ಹುಣ್ಣಿಮೆ ಒಂದು ದಿನ ಮೊದಲೇ ಬಿದ್ದಿತ್ತು, ಹಾಗಾಗಿ ಲೆಕ್ಕಕ್ಕೆ ಸಿಗಲಿಲ್ಲ. ಹಬ್ಬ ಏಪ್ರಿಲ್ 21ಕ್ಕೆ ಹೋಯಿತು. ಪೂರ್ವದ ಬಹುಪಾಲು ಆರ್ಥೊಡಾಕ್ಸ್ ಚರ್ಚುಗಳು ಹಳೆಯ ಜೂಲಿಯನ್ ಕ್ಯಾಲೆಂಡರಿನ ಕೋಷ್ಟಕ ಹಿಡಿದಿವೆ. ಅದಕ್ಕೇ 2024ರಲ್ಲಿ ಅವರ ಈಸ್ಟರ್ ಮೇ 5ಕ್ಕೆ ಬಂತು, ಉಳಿದವರಿಗಿಂತ ಐದು ವಾರ ತಡ.

ಬ್ರಿಟನ್ನಿನಲ್ಲಿ ಈ ಕೋಷ್ಟಕಕ್ಕೆ ಕಾನೂನಿನ ಬಲವೂ ಇದೆ. 1750ರ ಕ್ಯಾಲೆಂಡರ್ ಕಾಯ್ದೆ ಅಂತ ಒಂದಿದೆ. 1752ರಲ್ಲಿ ಸೆಪ್ಟೆಂಬರ್ 2 ಆದ ಮರುದಿನವೇ ಸೆಪ್ಟೆಂಬರ್ 14 ಬಂದಿದ್ದು ಇದೇ ಕಾಯ್ದೆಯಿಂದ. ಈಸ್ಟರ್ ಲೆಕ್ಕ ಹಾಕುವ ಹೊಸ ಕೋಷ್ಟಕವನ್ನು ಕಾನೂನಿಗೆ ತಂದಿದ್ದೂ ಅದೇ. ಅಂದರೆ ಸಂಸತ್ತು ಈ ಹಬ್ಬದ ದಿನಕ್ಕೆ ಕೈಹಾಕಿದ್ದು 1928ರಲ್ಲಿ ಮೊದಲ ಸಲವೇನೂ ಅಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಯಾರಿಗೆ ತೊಂದರೆ ಆಗುತ್ತಿತ್ತು

1871ರವರೆಗೆ ಈಸ್ಟರ್ ಚಲಿಸಿದರೆ ದೊಡ್ಡ ಗೋಜಲೇನೂ ಇರಲಿಲ್ಲ. ಆ ವರ್ಷ ಸರ್ ಜಾನ್ ಲಬಕ್ ಅವರ ಪ್ರಯತ್ನದಿಂದ ಬ್ಯಾಂಕ್ ರಜೆಗಳ ಕಾಯ್ದೆ ಬಂತು. ಇಂಗ್ಲೆಂಡಿನಲ್ಲಿ ಈಸ್ಟರಿನ ಮರುದಿನದ ಸೋಮವಾರ ರಜೆಯಾಯಿತು. ಈಸ್ಟರಿನಿಂದ ಐವತ್ತನೇ ದಿನಕ್ಕೆ ಬರುವ ಪಂಚಾಶತ್ತಮ ಹಬ್ಬದ ಮರುದಿನದ ಸೋಮವಾರವೂ ರಜೆಯಾಯಿತು. ಅದನ್ನು ಅಲ್ಲಿ ವಿಟ್ ಮಂಡೇ ಅನ್ನುತ್ತಾರೆ. ಗುಡ್ ಫ್ರೈಡೇ ಮೊದಲಿಂದಲೂ ರಜೆಯೇ. ಶುಕ್ರವಾರದಿಂದ ಸೋಮವಾರದವರೆಗಿನ ನಾಲ್ಕು ದಿನದಲ್ಲಿ ಮೂರು ರಜೆ ಸಿಕ್ಕವು. ಗಿರಣಿ ಕೆಲಸಗಾರರಿಗೆ, ಗುಮಾಸ್ತರಿಗೆ, ಅಂಗಡಿ ಹುಡುಗರಿಗೆ ರೈಲು ಹತ್ತಿ ಸಮುದ್ರ ತೀರಕ್ಕೆ ಹೋಗಿಬರುವ ಅವಕಾಶ ಬಂತು.

ಈಗ ಯೋಚಿಸಿ. ಸಮುದ್ರ ತೀರದ ಊರಾದ ಬ್ಲ್ಯಾಕ್‌ಪೂಲ್‌ನಲ್ಲಿ ವಸತಿಗೃಹ ನಡೆಸುವ ಹೆಂಗಸಿಗೆ ಮಾರ್ಚ್ 23ರ ಈಸ್ಟರಿಗೂ ಏಪ್ರಿಲ್ 20ರ ಈಸ್ಟರಿಗೂ ಎಷ್ಟು ವ್ಯತ್ಯಾಸ! ಮಾರ್ಚ್‌ನಲ್ಲಿ ಚಳಿ, ಮಳೆ, ಬೇಗ ಕತ್ತಲು. 1913ರಲ್ಲಿ ಹಬ್ಬ ಮಾರ್ಚ್ 23ಕ್ಕೇ ಬಂದಿತ್ತು. ರೈಲು ಕಂಪನಿಗೆ ಹೆಚ್ಚುವರಿ ಗಾಡಿಗಳ ವೇಳಾಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಕಟ್ಟುವ ಕೆಲಸ. ಬಟ್ಟೆ ವ್ಯಾಪಾರಿಗೆ ವಸಂತದ ಮಾಲು ಯಾವಾಗ ತರಿಸಬೇಕು ಅನ್ನುವ ಚಿಂತೆ. ಶಾಲೆಗಳಿಗೆ ಒಂದು ವರ್ಷ ತೀರಾ ಗಿಡ್ಡ ಅವಧಿ, ಇನ್ನೊಂದು ವರ್ಷ ಮುಗಿಯದಷ್ಟು ಉದ್ದ ಅವಧಿ.

ಬೇರೆ ಕಾನೂನುಗಳಿಗೂ ಈಸ್ಟರ್ ಕಾಲಿಗೆ ತೊಡರುತ್ತಿತ್ತು. ನನಗೆ ಬಹಳ ಇಷ್ಟವಾದ ಉದಾಹರಣೆ ಗಡಿಯಾರ ಮುಂದಿಡುವ ಕಾಯ್ದೆಯದು. 1925ರ ಬೇಸಿಗೆ ವೇಳೆಯ ಕಾಯ್ದೆ ಪ್ರಕಾರ ಏಪ್ರಿಲ್ ಮೂರನೇ ಶನಿವಾರದ ಮರುದಿನ ಗಡಿಯಾರ ಒಂದು ಗಂಟೆ ಮುಂದೆ ಹೋಗಬೇಕು. ಆದರೆ ಆ ದಿನವೇ ಈಸ್ಟರ್ ಆಗಿಬಿಟ್ಟರೆ? ಆಗ ಎರಡನೇ ಶನಿವಾರದ ಮರುದಿನಕ್ಕೆ ಹಿಂದೆ ಬರಬೇಕು. ಗಡಿಯಾರದ ಕಾಯ್ದೆಯಲ್ಲಿ ಕೂಡ ಹುಣ್ಣಿಮೆಗೆ ಒಂದು ಜಾಗ ಕೊಡಬೇಕಾಯಿತು ನೋಡಿ.

ಹೀಗಾಗಿ ಹಬ್ಬಕ್ಕೆ ಒಂದು ದಿನ ಗೊತ್ತುಮಾಡಿ ಅನ್ನುವ ಕೂಗು ಎದ್ದಿತು. ವ್ಯಾಪಾರಿಗಳು ಕೇಳಿದರು, ಸಾರಿಗೆಯವರು ಕೇಳಿದರು. ಮೇಲ್ಮನೆಯಲ್ಲಿ ಲಾರ್ಡ್ ಡೆಸ್‌ಬರೋ ಈ ವಿಷಯ ಹಿಡಿದು ಹೋರಾಡಿದರು. 1908ರ ಲಂಡನ್ ಒಲಿಂಪಿಕ್ಸ್ ಸಂಘಟಿಸಿದವರು ಅವರೇ. ಇದನ್ನು ಸುಮ್ನೆ ಲಾಭಕೋರರ ಕೂಗು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ವರ್ಷಕ್ಕೆ ಬೆರಳೆಣಿಕೆಯ ರಜೆ ಇರುವ ಕೆಲಸಗಾರನಿಗೆ ಆ ರಜೆ ಬಿಸಿಲಿರುವ ದಿನ ಸಿಗಬೇಕು ಅನ್ನುವುದು ನ್ಯಾಯವಾದ ಆಸೆ.

ಜಿನೀವಾದಿಂದ ಬಂದ ಸೂತ್ರ

ಏಪ್ರಿಲ್ ಎರಡನೇ ಶನಿವಾರದ ಮರುದಿನ ಅನ್ನುವ ಸೂತ್ರ ಲಂಡನ್ನಿನದಲ್ಲ. ಮೊದಲ ಮಹಾಯುದ್ಧದ ನಂತರ ಹುಟ್ಟಿದ, ಜಿನೀವಾದಲ್ಲಿ ನೆಲೆಯಿದ್ದ ರಾಷ್ಟ್ರಗಳ ಒಕ್ಕೂಟ ಕ್ಯಾಲೆಂಡರ್ ಸುಧಾರಣೆಗೆ ಒಂದು ವಿಶೇಷ ಸಮಿತಿ ಮಾಡಿತ್ತು. ಅದು 1926ರಲ್ಲಿ ವರದಿ ಕೊಟ್ಟಿತು. ಈ ಸೂತ್ರ ಅಲ್ಲಿಂದ ಬಂದಿದ್ದು. ಎರಡನೇ ಭಾನುವಾರ ಅಂತ ಸರಳವಾಗಿ ಹೇಳಬಾರದಿತ್ತೇ ಎಂದು ಕೇಳಬಹುದು. ಎರಡಕ್ಕೂ ವ್ಯತ್ಯಾಸ ಇದೆ. ಏಪ್ರಿಲ್ 1 ಭಾನುವಾರವಾದರೆ ಎರಡನೇ ಭಾನುವಾರ 8ಕ್ಕೇ ಬಂದುಬಿಡುತ್ತದೆ, ಎರಡನೇ ಶನಿವಾರದ ಮರುದಿನ 15 ಆಗುತ್ತದೆ. ಈ ಸೂತ್ರದಲ್ಲಿ ಹಬ್ಬ 9ಕ್ಕಿಂತ ಹಿಂದೆ ಹೋಗುವುದೇ ಇಲ್ಲ. ಯೇಸು ಶಿಲುಬೆಗೇರಿದ್ದು ಕ್ರಿ.ಶ. 30ರ ಏಪ್ರಿಲ್ 7ರ ಶುಕ್ರವಾರ ಎಂದು ಹಲವು ವಿದ್ವಾಂಸರು ಲೆಕ್ಕ ಹಾಕುತ್ತಾರೆ. ಹಾಗಾದರೆ ಪುನರುತ್ಥಾನದ ಭಾನುವಾರ ಏಪ್ರಿಲ್ 9. ಹೊಸ ಸೂತ್ರ ಆ ದಿನದ ಹತ್ತಿರವೇ ಸುಳಿಯುತ್ತದೆ. ನಂಬಿಕೆ ಇರುವವರಿಗೆ ಇದು ಸಣ್ಣ ಮಾತಲ್ಲ.

ಆದರೆ ಜಿನೀವಾದಲ್ಲಿ ಈಸ್ಟರ್ ಒಂಟಿಯಾಗಿ ಇರಲಿಲ್ಲ. ಅದೇ ಮೇಜಿನ ಮೇಲೆ ಇಡೀ ಕ್ಯಾಲೆಂಡರನ್ನೇ ಬದಲಿಸುವ ನೂರಕ್ಕೂ ಹೆಚ್ಚು ಯೋಜನೆಗಳಿದ್ದವು. ವರ್ಷಕ್ಕೆ 13 ತಿಂಗಳು, ತಿಂಗಳಿಗೆ 28 ದಿನ ಅನ್ನುವ ಯೋಜನೆ ಆಗ ಜೋರಾಗಿತ್ತು. ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ಅದಕ್ಕೆ ದೊಡ್ಡ ಬೆಂಬಲಿಗ. ಅವರ ಕಂಪನಿ 1928ರಿಂದ 1989ರವರೆಗೂ ಒಳಗಿನ ಲೆಕ್ಕಪತ್ರಕ್ಕೆ ಆ ಕ್ಯಾಲೆಂಡರನ್ನೇ ಬಳಸಿತು. 13ನ್ನು 28ರಿಂದ ಗುಣಿಸಿದರೆ 364. ಉಳಿದ ಒಂದು ದಿನವನ್ನು ಯಾವ ವಾರಕ್ಕೂ ಸೇರದ ದಿನ ಎಂದು ಬಿಡಬೇಕು. ಇಲ್ಲಿ ಯಹೂದಿಗಳು ಸಿಡಿದೆದ್ದರು. ಏಳು ದಿನಕ್ಕೊಮ್ಮೆ ಬರುವ ಪವಿತ್ರ ವಿಶ್ರಾಂತಿಯ ದಿನವಾದ ಸಬ್ಬತ್ ತಪ್ಪಿಹೋಗುತ್ತದೆ ಎಂದು ಬ್ರಿಟನ್ನಿನ ಮುಖ್ಯ ರಬ್ಬಿ ಜೋಸೆಫ್ ಹರ್ಟ್ಜ್ ಮುಂದೆ ನಿಂತು ವಿರೋಧಿಸಿದರು. ಅವರ ಆತಂಕ ನಿಜವಾದದ್ದೇ. ಈಸ್ಟರ್ ಪ್ರಸ್ತಾಪದಿಂದ ವಾರದ ಕ್ರಮಕ್ಕೆ ಯಾವ ಧಕ್ಕೆಯೂ ಇರಲಿಲ್ಲ. ಆದರೂ ಕ್ಯಾಲೆಂಡರ್ ಬದಲಾವಣೆ ಎಂದರೆ ಧರ್ಮಕ್ಕೆ ಕೈಹಾಕುವುದು ಅನ್ನುವ ಭಾವನೆ ಹರಡಿತು. ಆ ದೊಡ್ಡ ಜಗಳದ ಕೆಸರು ಈ ಸಣ್ಣ ಪ್ರಸ್ತಾಪಕ್ಕೂ ಮೆತ್ತಿಕೊಂಡಿತು.

ಕಾಯ್ದೆಯೊಳಗೆ ಏನಿತ್ತು

ಕಾಯ್ದೆಯಲ್ಲಿ ಇರುವುದು ಎರಡೇ ಕಲಮು. ಮೊದಲನೆಯದರಲ್ಲಿ ದಿನದ ಸೂತ್ರ ಇದೆ, ಜೊತೆಗೆ ಒಂದು ಜಾಣತನ ಇದೆ. ಕಾಯ್ದೆ ಜಾರಿಯಾದ ವರ್ಷವನ್ನೂ ಅದರ ಮುಂದಿನ ವರ್ಷವನ್ನೂ ಬಿಟ್ಟು, ಅದರಾಚೆಯ ವರ್ಷದಿಂದ ಹೊಸ ದಿನ ಶುರು. ಪಂಚಾಂಗ ಅಚ್ಚು ಹಾಕುವವರಿಗೆ, ಶಾಲೆಗಳಿಗೆ, ರೈಲಿನವರಿಗೆ, ಮದುವೆ ಇಟ್ಟುಕೊಂಡವರಿಗೆ ಸಾಕಷ್ಟು ಸಮಯ ಸಿಗಲಿ ಎಂದು ಈ ಏರ್ಪಾಡು. ರಜೆಯ ಪಟ್ಟಿ ಕೊನೇ ಗಳಿಗೆಯಲ್ಲಿ ಬದಲಾಗುವುದನ್ನು ಕಂಡಿರುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಎರಡನೆಯ ಕಲಮಿನಲ್ಲೇ ಕಾಯ್ದೆಯ ಹಣೆಬರಹ ಇರುವುದು. ಅದರ ಪ್ರಕಾರ ಕಾಯ್ದೆ ತಾನಾಗಿ ಜಾರಿಗೆ ಬರುವುದಿಲ್ಲ. ಅದಕ್ಕೆ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ನಲ್ಲಿ ದೊರೆಯ ಆದೇಶ ಹೊರಡಬೇಕು. ಆ ಆದೇಶದ ಕರಡನ್ನು ಎರಡೂ ಸದನಗಳ ಮುಂದಿಡಬೇಕು, ಎರಡೂ ಸದನ ನಿರ್ಣಯ ಮಾಡಿ ಒಪ್ಪಬೇಕು. ಕರಡು ಮಾಡುವ ಮುಂಚೆ, ಯಾವುದೇ ಚರ್ಚು ಅಥವಾ ಕ್ರೈಸ್ತ ಸಂಸ್ಥೆ ಅಧಿಕೃತವಾಗಿ ಹೇಳಿದ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಳ್ಳಬೇಕು.

ಕಾಯ್ದೆ ಕೇಳುವುದು ಇಷ್ಟನ್ನೇ. ಚರ್ಚುಗಳ ಒಪ್ಪಿಗೆ ಬೇಕು ಎಂದು ಅದು ಹೇಳಿಲ್ಲ. ಎಲ್ಲ ಚರ್ಚುಗಳು ಒಂದೇ ಮಾತಿಗೆ ಬರಬೇಕು ಎಂದೂ ಹೇಳಿಲ್ಲ. ಅಭಿಪ್ರಾಯವನ್ನು ಕೇಳಿಸಿಕೊಂಡು, ತೂಗಿ ನೋಡಿ, ಆಮೇಲೆ ಬೇಡ ಅನ್ನುವ ಚರ್ಚಿನ ಮಾತು ಬದಿಗಿಟ್ಟು ಮುಂದೆ ಹೋಗಲು ಕಾನೂನಿನಲ್ಲಿ ಅಡ್ಡಿ ಇಲ್ಲ. ಆದರೆ ಆನಂತರ ಬಂದ ಎಲ್ಲ ಸರ್ಕಾರಗಳೂ ಇದನ್ನು ಚರ್ಚುಗಳ ಒಮ್ಮತ ಬೇಕು ಎಂದೇ ಓದಿಕೊಂಡವು. ಪ್ರಶ್ನೆ ಬಂದಾಗಲೆಲ್ಲ ಚರ್ಚುಗಳಲ್ಲಿ ಒಮ್ಮತ ಇಲ್ಲ, ಜಾರಿ ಮಾಡುವ ಯೋಚನೆ ಇಲ್ಲ ಅನ್ನುವ ಉತ್ತರ ಬಂತು.

ಯಾಕೆ ಇಷ್ಟು ಹಿಂಜರಿಕೆ? ಆ ವರ್ಷದ ಹವೆ ನೆನಪಿಸಿಕೊಳ್ಳಬೇಕು. ಇಂಗ್ಲೆಂಡಿನ ಚರ್ಚು ತನ್ನ ಪ್ರಾರ್ಥನಾ ಪುಸ್ತಕವನ್ನು ಪರಿಷ್ಕರಿಸಿ ಸಂಸತ್ತಿನ ಒಪ್ಪಿಗೆಗೆ ಕಳಿಸಿತ್ತು. ಕೆಳಮನೆ 1927ರ ಡಿಸೆಂಬರಿನಲ್ಲಿ ಅದನ್ನು ತಿರಸ್ಕರಿಸಿತು. ತಿದ್ದಿ ಕಳಿಸಿದರೆ 1928ರ ಜೂನ್‌ನಲ್ಲಿ ಮತ್ತೆ ತಿರಸ್ಕರಿಸಿತು. ಗೃಹ ಮಂತ್ರಿ ವಿಲಿಯಂ ಜಾಯಿನ್ಸನ್ ಹಿಕ್ಸ್ ಅವರೇ ಆ ವಿರೋಧದ ಮುಂಚೂಣಿಯಲ್ಲಿದ್ದರು. ತನ್ನ ಪ್ರಾರ್ಥನೆಯ ಮಾತನ್ನು ತಾನೇ ತೀರ್ಮಾನಿಸಲು ಬಿಡುತ್ತಿಲ್ಲ ಎಂದು ಚರ್ಚು ನೊಂದಿತ್ತು. ಆ ಗಾಯ ಹಸಿಯಾಗಿರುವಾಗಲೇ, ಎರಡು ತಿಂಗಳೂ ಕಳೆಯದೆ, ಈಸ್ಟರ್ ಕಾಯ್ದೆಗೆ ಅಂಕಿತ ಬಿತ್ತು. ಚರ್ಚುಗಳ ಮಾತು ಕೇಳಿಯೇ ಮುಂದೆ ಹೋಗುತ್ತೇವೆ ಅನ್ನುವ ಸಾಲು ಅಲ್ಲಿ ಇರಲೇಬೇಕಿತ್ತು. ಇಲ್ಲದಿದ್ದರೆ ಅದು ಇನ್ನೊಂದು ಪೆಟ್ಟು ಎಂದೇ ಕಾಣುತ್ತಿತ್ತು.

ಆ ಸಾಲು ಸರಿಯಾದದ್ದು ಎಂದೇ ನನ್ನ ನಂಬಿಕೆ. 1750ರ ಕಾಯ್ದೆಯ ಮೂಲಕ ಸಂಸತ್ತು ಹಬ್ಬದ ದಿನಕ್ಕೆ ಕೈಹಾಕಿದಾಗ ಅದು ಯುರೋಪಿನ ಬಹುಪಾಲು ಕ್ರೈಸ್ತರ ದಿನದ ಜೊತೆ ಸೇರಿಕೊಂಡಿತು. 1928ರಲ್ಲಿ ಒಂಟಿಯಾಗಿ ಮುಂದೆ ಹೋಗಿದ್ದರೆ ಬ್ರಿಟನ್ ಅವರೆಲ್ಲರಿಂದ ದೂರ ಹೋಗುತ್ತಿತ್ತು. ಐರ್ಲೆಂಡನ್ನೇ ನೋಡಿ. 1922ರಲ್ಲಿ ದಕ್ಷಿಣದ ಭಾಗ ಬೇರೆಯಾಯಿತು, ಉತ್ತರದ ಭಾಗ ಬ್ರಿಟನ್ನಿನ ಜೊತೆ ಉಳಿಯಿತು. ಆದರೆ ಚರ್ಚುಗಳು ಒಡೆಯಲಿಲ್ಲ. ಕ್ಯಾಥೊಲಿಕರಿಗೂ ಇಂಗ್ಲೆಂಡಿನ ಚರ್ಚಿನ ಪಂಥದ ಆಂಗ್ಲಿಕನ್ನರಿಗೂ ಇಡೀ ದ್ವೀಪದ ಮುಖ್ಯ ಪೀಠ ಅರ್ಮಾ ಊರಿನಲ್ಲೇ ಇದೆ, ಅದು ಉತ್ತರ ಐರ್ಲೆಂಡಿನಲ್ಲಿದೆ. ಬ್ರಿಟನ್ ಮಾತ್ರ ದಿನ ಬದಲಿಸಿದ್ದರೆ ಒಂದೇ ಬಿಷಪ್ಪರ ಕೈಕೆಳಗಿನ ಊರುಗಳಲ್ಲಿ ಗಡಿಯ ಈಚೆ ಒಂದು ಭಾನುವಾರ ರಜೆ, ಆಚೆ ಇನ್ನೊಂದು ಭಾನುವಾರ ಹಬ್ಬ. ಬ್ರಿಟನ್ನಿನ ಒಳಗೂ ಕ್ಯಾಥೊಲಿಕರು ರೋಮ್ ಹೇಳಿದ ದಿನವನ್ನೇ ಆಚರಿಸುತ್ತಿದ್ದರು. ಪವಿತ್ರ ಶುಕ್ರವಾರದಂದು ಅವರು ಕೆಲಸಕ್ಕೆ ಹೋಗಬೇಕಿತ್ತು. ರಜೆ ಹಾಕಿದರೆ ಸಂಬಳ ಕಡಿತ. ಲಿವರ್‌ಪೂಲ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಐರಿಷ್ ಮೂಲದ ಕೂಲಿಗಳಲ್ಲಿ ಕ್ಯಾಥೊಲಿಕರೇ ಹೆಚ್ಚು. ಈ ಹೊರೆ ಮೊದಲು ಬೀಳುತ್ತಿದ್ದುದು ಅಂಥವರ ಹೆಗಲ ಮೇಲೆ.

ಆದರೆ ಆ ಸಾಲಿನ ದೊಡ್ಡ ಕೊರತೆಯನ್ನೂ ಹೇಳಲೇಬೇಕು. ಅಭಿಪ್ರಾಯ ಕೇಳುವವರು ಯಾರು? ಯಾವ ಮಂತ್ರಿ? ಎಷ್ಟು ದಿನದೊಳಗೆ? ಸಂಸತ್ತಿಗೆ ವರದಿ ಕೊಡಬೇಕೇ ಬೇಡವೇ? ಒಂದಕ್ಕೂ ಉತ್ತರ ಇಲ್ಲ. ಚರ್ಚುಗಳು ತಾವಾಗಿ ಹೇಳಲಿ ಎಂದು ಸರ್ಕಾರ ಕಾದಿತು. ಸರ್ಕಾರ ಮೊದಲ ಹೆಜ್ಜೆ ಇಡಲಿ ಎಂದು ಚರ್ಚುಗಳು ಕಾದವು. ಯಾರ ಕೆಲಸವೂ ಅಲ್ಲದ ಕೆಲಸ ಹೀಗೇ ಉಳಿಯುತ್ತದೆ. ಐದು ವರ್ಷಕ್ಕೊಮ್ಮೆ ಚರ್ಚುಗಳ ಅಭಿಪ್ರಾಯ ಪಡೆದು ಸದನಕ್ಕೆ ತಿಳಿಸಬೇಕು ಅನ್ನುವ ಒಂದು ಸಾಲು ಇದ್ದಿದ್ದರೂ ಈ ಪ್ರಕರಣ ಬೇರೆ ದಾರಿ ಹಿಡಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಒಪ್ಪಿಗೆ ಸಿಗದೆಯೂ ಇರಬಹುದಿತ್ತು. ಕನಿಷ್ಠ ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅನ್ನುವುದು ಜನರ ಮುಂದೆ ಇರುತ್ತಿತ್ತು.

1931ರಲ್ಲಿ ಜಿನೀವಾದಲ್ಲಿ ಮತ್ತೆ ಸಮ್ಮೇಳನ ನಡೆಯಿತು. ಈಸ್ಟರಿಗೆ ಸ್ಥಿರ ದಿನ ಒಳ್ಳೆಯದೇ, ಆದರೆ ಕೊನೆಯ ಮಾತು ಚರ್ಚುಗಳದು ಅನ್ನುವ ಧಾಟಿಯಲ್ಲೇ ಅದೂ ಮುಗಿಯಿತು. ಆಮೇಲೆ ಆರ್ಥಿಕ ಕುಸಿತ, ಯುದ್ಧ. ಯಾರಿಗೂ ಇದರ ಕಡೆ ತಿರುಗಿ ನೋಡಲು ಪುರುಸೊತ್ತಿರಲಿಲ್ಲ.

ಸದ್ದಿಲ್ಲದೆ ಗೆದ್ದ ಇನ್ನೊಂದು ರಜೆ

ಈ ಪ್ರಕರಣದಲ್ಲಿ ನನಗೆ ತುಂಬಾ ಪಾಠ ಹೇಳಿದ್ದು ಈಸ್ಟರ್ ಅಲ್ಲ, ಅದರ ಬೆನ್ನಿಗೇ ಬರುವ ವಿಟ್ ಮಂಡೇ. ಈಸ್ಟರ್ ಓಡಾಡಿದರೆ ಅದೂ ಓಡಾಡಬೇಕು. ಮೇ 11ರಿಂದ ಜೂನ್ 14ರವರೆಗೆ ಯಾವ ಸೋಮವಾರ ಬೇಕಾದರೂ ಬರುತ್ತಿತ್ತು. ಶಾಲೆಗಳ ಬೇಸಿಗೆ ಪರೀಕ್ಷೆಯ ಮಧ್ಯೆ ಬಂದು ಕೂರುತ್ತಿತ್ತು.

1960ರ ದಶಕದಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಹಬ್ಬವನ್ನು ಮುಟ್ಟಲಿಲ್ಲ. ರಜೆಯನ್ನು ಮಾತ್ರ ಎತ್ತಿ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಇಟ್ಟಿತು. ಮೊದಲು ಕೆಲವು ವರ್ಷ ಪ್ರಯೋಗ. ಆಗಸ್ಟ್ ಮೊದಲ ಸೋಮವಾರದ ರಜೆಯನ್ನೂ 1965ರಿಂದ ತಿಂಗಳ ಕೊನೆಗೆ ದಾಟಿಸಿ ನೋಡಿದರು. ಆ ಪ್ರಯೋಗದ ಸೂತ್ರದಲ್ಲಿ ಒಂದು ತೊಡಕು ಕಂಡಿತು. 1968ರಲ್ಲಿ ಆಗಸ್ಟ್ ರಜೆ ಸೆಪ್ಟೆಂಬರ್ 2ಕ್ಕೆ, 1969ರಲ್ಲಿ ಸೆಪ್ಟೆಂಬರ್ 1ಕ್ಕೆ ಬಿತ್ತು. ಕೊನೆಗೆ 1971ರ ಬ್ಯಾಂಕಿಂಗ್ ಮತ್ತು ಹಣಕಾಸು ವ್ಯವಹಾರಗಳ ಕಾಯ್ದೆಯಲ್ಲಿ ಎಲ್ಲವನ್ನೂ ನೇರ ಮಾಡಿ, ಆಗಸ್ಟ್ ಕೊನೆಯ ಸೋಮವಾರ, ಮೇ ಕೊನೆಯ ಸೋಮವಾರ ಎಂದು ಬರೆದರು. ಪ್ರಯೋಗ ಮಾಡಿ, ತಪ್ಪು ಕಂಡು, ಆಮೇಲೆ ಕಾನೂನು. ಈ ಕ್ರಮ ನನಗೆ ಬಹಳ ಹಿಡಿಸುತ್ತದೆ.

ಚರ್ಚುಗಳು ಪಂಚಾಶತ್ತಮ ಹಬ್ಬವನ್ನು ತಮ್ಮ ಲೆಕ್ಕದ ಭಾನುವಾರವೇ ಮಾಡುತ್ತಾ ಹೋದವು. ಜನ ಮೇ ಕೊನೆಗೆ ರಜೆ ತೆಗೆದುಕೊಂಡರು. ಇದರಿಂದ ದೊಡ್ಡ ಜಗಳವೇನೂ ಆಗಲಿಲ್ಲ.

ಹಾಗಾದರೆ ಈಸ್ಟರಿಗೂ ಇದನ್ನೇ ಮಾಡಬಹುದಲ್ವಾ ಅನ್ನುವ ಪ್ರಶ್ನೆ ಸಹಜ. ಬರೀ ಸೋಮವಾರದ ರಜೆಯಾಗಿದ್ದರೆ ಮಾಡಬಹುದಿತ್ತು. ಸ್ಕಾಟ್ಲೆಂಡಿನಲ್ಲಿ ಈಸ್ಟರ್ ಸೋಮವಾರ ಕಾನೂನಿನ ಬ್ಯಾಂಕ್ ರಜೆಯೇ ಅಲ್ಲ, ಅಲ್ಲಿನ ಜನ ಬದುಕಿಲ್ಲವೇ? ತೊಡಕಿರುವುದು ಶುಕ್ರವಾರದಲ್ಲಿ. ಚರ್ಚಿಗೆ ಹೋಗುವವರಿಗೆ ಗುಡ್ ಫ್ರೈಡೇ ಎಂದರೆ ವರ್ಷದ ಅತಿ ಗಂಭೀರ ದಿನ. ಉಪವಾಸ, ಶಿಲುಬೆಯ ಹಾದಿ, ಮಧ್ಯಾಹ್ನ ಮೂರು ಗಂಟೆಯ ಆರಾಧನೆ. ವಿಟ್ ಮಂಡೇ ಹಬ್ಬದ ಮರುದಿನ, ಅದರಲ್ಲಿ ಆಚರಣೆಯ ಭಾರ ಕಡಿಮೆ. ಗುಡ್ ಫ್ರೈಡೇ ಹಾಗಲ್ಲ, ರಜೆಯ ದಿನವೇ ಆಚರಣೆಯ ದಿನ. ರಜೆಯನ್ನು ಅದರಿಂದ ಬಿಡಿಸಿದರೆ ಉಳಿಯುವುದು ಅರ್ಥವಿಲ್ಲದ ಒಂದು ಶುಕ್ರವಾರ, ಜೊತೆಗೆ ಕೆಲಸದ ಮಧ್ಯೆ ಪ್ರಾರ್ಥನೆಗೆ ಒದ್ದಾಡುವ ಜನ.

ನಮ್ಮಲ್ಲೂ ಇದರ ಎಳೆ ಇದೆ. ಬ್ರಿಟಿಷರು 1881ರಲ್ಲಿ ಭಾರತಕ್ಕೆ ಮಾಡಿದ, ಚೆಕ್ಕು ಹುಂಡಿಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲಿ ಭಾನುವಾರ, ಹೊಸ ವರ್ಷ, ಕ್ರಿಸ್‌ಮಸ್ ಜೊತೆಗೆ ಗುಡ್ ಫ್ರೈಡೇಯನ್ನೂ ಹೆಸರಿಟ್ಟು ಸಾರ್ವಜನಿಕ ರಜೆ ಎಂದು ಬರೆದಿದ್ದರು. ಉಳಿದ ರಜೆಗಳನ್ನು ಸರ್ಕಾರ ಗೆಜೆಟ್‌ನಲ್ಲಿ ಹೊರಡಿಸಬೇಕಿತ್ತು. ಹೀಗೆ ಓಡಾಡುವ ಆ ಶುಕ್ರವಾರ ಇಲ್ಲಿನ ಬ್ಯಾಂಕಿನ ಬಾಗಿಲಿಗೂ ಬಂತು. ಮಂಗಳೂರು, ಉಡುಪಿ, ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಬೂದಿ ಬುಧವಾರದಿಂದ ತಪಸ್ಸು ಕಾಲ, ಗರಿಗಳ ಭಾನುವಾರ, ಪವಿತ್ರ ವಾರ ಎಲ್ಲವೂ ಅದೇ ಹಳೆಯ ಕೋಷ್ಟಕದ ಹಿಂದೆ ನಡೆಯುತ್ತವೆ. ಸ್ವಾತಂತ್ರ್ಯದ ನಂತರ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ಆಯಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಬಂತು. ಆಕಾಶವಾಣಿ, ಗೆಜೆಟ್ ಅದನ್ನು ಬಳಸಿದವು. ಯುಗಾದಿ, ದೀಪಾವಳಿ ಮಾತ್ರ ತಿಥಿಯನ್ನು ಬಿಟ್ಟು ಅಲ್ಲಾಡಲಿಲ್ಲ.

ಈಗ ಎಲ್ಲಿಗೆ ಬಂದಿದೆ

ಚರ್ಚುಗಳು ಪೂರ್ತಿ ಸುಮ್ಮನಿದ್ದವು ಎಂದರೆ ತಪ್ಪಾಗುತ್ತದೆ. 1963ರ ಡಿಸೆಂಬರ್ 4ರಂದು ಕ್ಯಾಥೊಲಿಕ್ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆ ಒಂದು ಮುಖ್ಯ ಮಾತು ಹೇಳಿತು. ಗ್ರೆಗೋರಿಯನ್ ಕ್ಯಾಲೆಂಡರಿನ ಒಂದು ನಿರ್ದಿಷ್ಟ ಭಾನುವಾರಕ್ಕೆ ಈಸ್ಟರನ್ನು ನಿಲ್ಲಿಸಲು ತನ್ನ ಆಕ್ಷೇಪ ಇಲ್ಲ, ಆದರೆ ಸಂಬಂಧಪಟ್ಟ ಉಳಿದವರು, ಮುಖ್ಯವಾಗಿ ರೋಮಿನ ಜೊತೆ ಇಲ್ಲದ ಕ್ರೈಸ್ತರು, ಒಪ್ಪಬೇಕು. ಒಂದು ಬಾಗಿಲು ತೆರೆಯಿತು. ಆದರೆ 1997ರಲ್ಲಿ ಸಿರಿಯಾದ ಅಲೆಪ್ಪೋದಲ್ಲಿ ಸೇರಿದ ಚರ್ಚುಗಳ ಸಭೆ ಬೇರೆ ದಿಕ್ಕು ತೋರಿಸಿತು. ನೈಸಿಯಾದ ನಿಯಮವನ್ನೇ ಇಟ್ಟುಕೊಳ್ಳೋಣ, ಹಳೆಯ ಕೋಷ್ಟಕದ ಬದಲು ಜೆರುಸಲೇಮಿನ ರೇಖಾಂಶದಿಂದ ಖಗೋಳ ಲೆಕ್ಕ ಹಾಕೋಣ ಅನ್ನುವುದು ಅದರ ಸಲಹೆ. ಆಗ ಪೂರ್ವ, ಪಶ್ಚಿಮ ಎರಡೂ ಒಂದೇ ದಿನಕ್ಕೆ ಬರುತ್ತವೆ, ಆದರೆ ಹಬ್ಬ ಓಡಾಡುವುದು ನಿಲ್ಲುವುದಿಲ್ಲ. ವ್ಯಾಪಾರಿಗಳು ಕೇಳಿದ್ದು ಸ್ಥಿರ ದಿನ. ಚರ್ಚುಗಳಿಗೆ ಬೇಕಾಗಿರುವುದು ಒಂದೇ ದಿನ. ಈ ಎರಡು ಬೇಡಿಕೆಗಳು ಒಂದೇ ಎಂದು ತಿಳಿದು ಎಷ್ಟೋ ಚರ್ಚೆ ದಾರಿ ತಪ್ಪಿದೆ.

2016ರ ಜನವರಿಯಲ್ಲಿ ಇಂಗ್ಲೆಂಡಿನ ಚರ್ಚಿನ ಹಿರಿಯ ಧರ್ಮಗುರು, ಆಗಿನ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಐದರಿಂದ ಹತ್ತು ವರ್ಷದಲ್ಲಿ ಒಂದು ಸ್ಥಿರ ದಿನ ಬರುವ ಆಸೆ ಇದೆ ಎಂದರು. ನೈಸಿಯಾ ಸಭೆಗೆ 1,700 ವರ್ಷ ತುಂಬಿದ 2025ರಲ್ಲಿ ಪೂರ್ವ, ಪಶ್ಚಿಮದ ಎಲ್ಲರ ಈಸ್ಟರೂ ಏಪ್ರಿಲ್ 20ಕ್ಕೇ ಬಂತು. ಅದು ಎರಡು ಕೋಷ್ಟಕಗಳು ತಾವಾಗಿ ಕೂಡಿಬಂದ ವರ್ಷ, ಒಪ್ಪಂದದಿಂದ ಬಂದದ್ದಲ್ಲ.

ಜನ ಅಷ್ಟರಲ್ಲಿ ತಮ್ಮ ದಾರಿ ನೋಡಿಕೊಂಡಿದ್ದಾರೆ. ಇಂಗ್ಲೆಂಡಿನ ಕೆಲವು ಕಡೆ ಶಾಲೆಯ ವಸಂತ ರಜೆಯನ್ನು ಈಸ್ಟರಿನಿಂದ ಬಿಡಿಸಿ ಏಪ್ರಿಲ್ ಮೊದಲ ಭಾಗಕ್ಕೆ ಇಡುತ್ತಾರೆ. ಹಬ್ಬ ಬೇರೆ ಸಮಯಕ್ಕೆ ಬಂದರೆ ಶುಕ್ರವಾರ, ಸೋಮವಾರ ಎರಡು ದಿನ ಪ್ರತ್ಯೇಕ ರಜೆ. ಅಂಕಿಅಂಶ ಇಲಾಖೆಯವರು ಮಾರಾಟದ ಲೆಕ್ಕ ಹಾಕುವಾಗ ಈಸ್ಟರಿನ ಪ್ರಭಾವವನ್ನು ಬೇರೆ ಮಾಡಿ ನೋಡುತ್ತಾರೆ. ಇದು ಬೇಕೇ ಬೇಕು. 2023ರ ಏಪ್ರಿಲ್ 1ರಿಂದ 2024ರ ಮಾರ್ಚ್ 31ರವರೆಗಿನ ಹಣಕಾಸು ವರ್ಷದಲ್ಲಿ ಎರಡು ಈಸ್ಟರ್ ಭಾನುವಾರ ಬಂದವು. ಅದರ ಮುಂದಿನ ಹಣಕಾಸು ವರ್ಷದಲ್ಲಿ ಒಂದೂ ಬರಲಿಲ್ಲ.

ಇಂದು ಲಂಡನ್ನಿನಲ್ಲಿ ಯಾವುದೇ ಸರ್ಕಾರ ಮನಸ್ಸು ಮಾಡಿದರೆ ಹೊಸ ಕಾಯ್ದೆ ಬೇಕಾಗಿಲ್ಲ. ಚರ್ಚುಗಳಿಗೆ ಪತ್ರ ಬರೆಯಬೇಕು, ಉತ್ತರ ಓದಬೇಕು, ಒಂದು ಕರಡು ಆದೇಶವನ್ನು ಎರಡೂ ಸದನದ ಮುಂದಿಡಬೇಕು. ಅಷ್ಟರಲ್ಲಿ ಮುಗಿಯುವ ಕೆಲಸ. 2026ರಲ್ಲಿ ಜಾರಿ ಮಾಡಿದರೆ ಕಾಯ್ದೆಯ ಮೊದಲ ಈಸ್ಟರ್ ಬರುವುದು 2028ರ ಏಪ್ರಿಲ್ 9ಕ್ಕೆ. ಹಳೆಯ ಕೋಷ್ಟಕದ ಪ್ರಕಾರ ಆ ವರ್ಷದ ಹಬ್ಬ ಏಪ್ರಿಲ್ 16ಕ್ಕಿದೆ. ಆದೇಶ ಹೊರಡಿಸುವ ಮೊದಲ ಹೆಜ್ಜೆಗಿಂತ ಪತ್ರ ಬರೆಯುವ ಮೊದಲ ಹೆಜ್ಜೆಯನ್ನಾದರೂ ಇಡಲಿ ಎಂಬುದು ನನ್ನ ಒತ್ತಾಯ. ಚರ್ಚುಗಳ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಳ್ಳಬೇಕು ಎಂದು ಸಂಸತ್ತೇ ಬರೆದಿಟ್ಟಿದೆ. ಕೇಳುವ ಹೊಣೆಯನ್ನು ಯಾವ ಮಂತ್ರಿ ಹೊರಬೇಕು ಅನ್ನುವುದನ್ನು ಪ್ರಧಾನಿ ಒಂದು ಟಿಪ್ಪಣಿಯಲ್ಲಿ ತೀರ್ಮಾನಿಸಬಹುದು.